ಹೊರಗಿನ ಚಿಲಕ

ಶೇವಂತಾಳ ಕೆಲಸ ಹೊಗೆ ಹಾಕುವುದು. ಕಮಲಾಪುರದ ಕೆಂಪು ಬಾಳೆಯ ಗೊನೆಗಳು ತೋಟದಿಂದ ಕಾಯಾಗಿಯೇ ಬರುತ್ತವೆ. ಅವನ್ನು ಕಿಟಕಿಯಿಲ್ಲದ ಒಂದು ಗಿಡ್ಡ ಕೋಣೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಬೇಕು, ಮೇಲೆ ಒಣ ಎಲೆ ಮುಚ್ಚಬೇಕು, ಮೂಲೆಯಲ್ಲಿ ಮಡಕೆಯೊಳಗೆ ಸಗಣಿ ಕುಳ್ಳಿನ ಕೆಂಡ ಇಟ್ಟು ಮೇಲೆ ಹೊಟ್ಟು ಸುರಿದು ಬಾಗಿಲು ಹಾಕಿಬಿಡಬೇಕು. ಹೊಗೆ ಹೆಚ್ಚಾದರೆ ಹಣ್ಣು ಘಾಟು ಹೊಡೆಯುತ್ತದೆ. ಕಡಿಮೆಯಾದರೆ ಕಾಯಿ ಕಾಯಿಯಾಗಿಯೇ ಕೂತಿರುತ್ತದೆ. ಗಂಡ ಹಣಮಂತ ಕಲ್ಲಿನ ಗಣಿಯಲ್ಲಿ ಬಂಡೆಯ ಕೆಳಗೆ ಸಿಕ್ಕು ಸತ್ತಮೇಲೆ ಅವಳು ಯಂಕಪ್ಪನ ಬಾಳೆತೋಟ ಸೇರಿ ಈ ಕೆಲಸ ಕಲಿತಳು. ಮದುವೆಯಾಗಿ ಎರಡು ಮಳೆಗಾಲ ಕಂಡಿದ್ದಳಷ್ಟೆ. ಮತ್ತೊಬ್ಬನ ಕೈ ಹಿಡಿ ಅಂದವರಿಗೆ, "ಒಬ್ಬನ್ನ ಹಿಡಿದು ಮಣ್ಣಿಗಿ ಕೊಟ್ಟು ಬಂದೀನಿ, ಸಾಕು" ಅಂದು ಸೆರಗು ಬಿಗಿದುಕೊಂಡು ಕೆಲಸಕ್ಕೆ ನಡೆಯುತ್ತಿದ್ದಳು.

ಎಡ ಮುಂಗೈ ಮೇಲೆ ಅವಳಿಗೊಂದು ಚೇಳಿನ ಹಚ್ಚೆ. ಚಿಕ್ಕವಳಿದ್ದಾಗ ಅವ್ವ ಹೂವು ಹಾಕಿಸಿಕೋ ಅಂದರೆ ಅತ್ತು ಕರೆದು ಚೇಳೇ ಹಾಕಿಸಿಕೊಂಡಿದ್ದಳು.

ಎಂಬತ್ನಾಲ್ಕರ ಚಳಿಗಾಲದಲ್ಲಿ ಕಮಲಾಪುರಕ್ಕೆ ನಾಟಕ ಕಂಪನಿ ಬಂದು ತಗಡಿನ ಥೇಟರು ಕಟ್ಟಿತು. ರಾಜಾ ಪಾರ್ಟು ಮಾಡುತ್ತಿದ್ದವನು ಗೋಪಾಲರಾಯ. ಐವತ್ತು ದಾಟಿದ್ದರೂ ಕಂಠ ಕಂಚಿನ ಗಂಟೆ. ಹೋದ ಊರಲ್ಲೆಲ್ಲ ಒಂದು ಹೆಣ್ಣಿನ ಕತೆ ಬಿಟ್ಟು ಬರುತ್ತಾನೆ ಎಂಬ ಸುದ್ದಿ ಅವನಿಗಿಂತ ಮೊದಲೇ ಊರು ಸೇರುತ್ತಿತ್ತು, ಸೇರಿಸುತ್ತಿದ್ದವನೂ ಅವನೇ. ಕಂಪನಿಯವರಿಗೆ ಹಣ್ಣು ಒಯ್ದು ಕೊಡುತ್ತಿದ್ದ ಶೇವಂತಾ ಅವನ ಕಣ್ಣಿಗೆ ಬಿದ್ದಳು. ಒಂದು ದಿನ ಹೊತ್ತು ಮುಳುಗುವಾಗ ಅವಳು ತೋಟದ ಹೊಗೆಕೋಣೆಯ ಬಾಗಿಲು ತೆರೆದು ಗೊನೆ ಮುಟ್ಟಿ ನೋಡುತ್ತಿದ್ದಳು. ಹಿಂದೆ ಹೆಜ್ಜೆ ಸಪ್ಪಳ. ಮುಖಕ್ಕೆ ಬಣ್ಣ, ತಲೆಗೆ ಕಿರೀಟ, ಆಟಕ್ಕೆ ಸಿದ್ಧನಾಗಿಯೇ ಬಂದಿದ್ದ ಗೋಪಾಲರಾಯ ದಾರಿಗಡ್ಡ ನಿಂತು, "ನಿನ್ನ ಕೈಯಾಗಿನ ಚೇಳು ನನಗ ಒಮ್ಮಿ ಕಡೀಲಿ" ಅಂದ.

ಕೂಗಿದರೆ ಜನ ಬರುತ್ತಿದ್ದರು. ಬಂದ ಜನ ಪ್ರಶ್ನೆ ಕೇಳುವುದು ರಾಜನನ್ನಲ್ಲ, ತನ್ನನ್ನು ಅನ್ನುವುದು ಶೇವಂತಾಳಿಗೆ ತಿಳಿದಿತ್ತು. ಅವಳು ಕೂಗಲಿಲ್ಲ. ಕೋಣೆಯ ಕಡೆ ಕೈ ತೋರಿಸಿ, "ಮಂದಿ ನೋಡ್ತಾರ್ರಿ. ಮದ್ಲ ನೀವು ಒಳಗ ಹೋಗ್ರಿ, ನಾ ಬರ್ತೀನಿ" ಅಂದಳು. ರಾಜ ಕಿರೀಟ ತಾಗದ ಹಾಗೆ ತಲೆ ಬಗ್ಗಿಸಿ ಒಳಗೆ ಹೋದ. ಅವಳು ಬಾಗಿಲೆಳೆದು ಚಿಲಕ ಹಾಕಿದಳು. ಬೆಳಗಿನಿಂದ ತುಂಬಿದ್ದ ಹೊಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಮೊದಲು ಒಳಗಿನಿಂದ ಪಿಸುಮಾತು, ಆಮೇಲೆ ಕೆಮ್ಮು, ಆಮೇಲೆ ಬಾಗಿಲಿಗೆ ಗುದ್ದು. ಗೊನೆ ಕಡಿಯುವ ಕುಡುಗೋಲು ಕೈಯಲ್ಲಿ ಹಿಡಿದು ಅವಳು ಸ್ವಲ್ಪ ಹೊತ್ತು ಬಿಟ್ಟು ಚಿಲಕ ತೆಗೆದಳು. ಕಣ್ಣಿಗೆ ಹಚ್ಚಿದ ಕಾಡಿಗೆ ಮೀಸೆಯವರೆಗೆ ಇಳಿದಿತ್ತು. ರಾಜ ಕುಡುಗೋಲನ್ನೊಮ್ಮೆ ನೋಡಿದ, ಬಾಳೆಯ ಸಾಲಿನ ನಡುವೆ ಓಡಿದ. ಆ ದಿನದ ಆಟದಲ್ಲಿ ಸಿಂಹಾಸನದ ಮೇಲೆ ಕೂತು ಮಾತಿಗೊಮ್ಮೆ ಕೆಮ್ಮಿದ. ರಾಜನಿಗೆ ಕ್ಷಯ ಬಂದಿರಬೇಕು, ಕತೆಯೇ ಹಾಗಿರಬೇಕು ಎಂದು ಮುಂದೆ ಕೂತ ಜನ ಮರುಗಿದರು.

ಶೇವಂತಾ ಇದನ್ನು ಯಾರಿಗೂ ಹೇಳಲಿಲ್ಲ. ಕಂಪನಿ ಗಂಟುಮೂಟೆ ಕಟ್ಟಿತು. ವರ್ಷಗಳು ಹೋದವು. ಯಂಕಪ್ಪ ತೋಟದ ಉಸಾಬರಿ ಬಿಟ್ಟಮೇಲೆ ಅವಳು ತಾನೇ ಹಣ್ಣು ಹಿಡಿದು, ಮುಂಜಾನೆಯ ಬಸ್ಸಿಗೆ ಬುಟ್ಟಿ ಏರಿಸಿ, ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿ ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಬದಿಗೆ ಕೂತು ಮಾರತೊಡಗಿದಳು. ಸಂಜೆಗೆ ತಿರುಗಿ ಕಮಲಾಪುರ. ಅಲ್ಲಿ ಗಂಡನ ಪಾಲಿಗೆ ಬಂದ ಒಂದು ಖೋಲಿ, ಒಂದು ಒಲೆ. ಉಳಿದ ಮನೆಯಲ್ಲಿ ಗಂಡನ ಅಣ್ಣ ಮಹಾದೇವಪ್ಪ, ಅವನ ಹೆಂಡತಿ ಕಸ್ತೂರಿಬಾಯಿ. ಬೇರೆ ಆಸ್ತಿಯೆಂಬುದು ಅವಳಿಗಿರಲಿಲ್ಲ.

ತೊಂಬತ್ತಾರರ ಬೇಸಿಗೆ. ಒಂದು ಮಧ್ಯಾಹ್ನ ಬಟ್ಟೆ ಅಂಗಡಿಯ ಗುಮಾಸ್ತ ದತ್ತಪ್ಪ ಮೆಟ್ಟಿಲಿಳಿದು ಬಂದು ಬುಟ್ಟಿಯ ಮುಂದೆ ಕೂತ. ಕೈಯಲ್ಲೊಂದು ಹೊಸ ಪುಸ್ತಕ.

"ಏನ್ ಶೇವಂತಾ, ರಾಜರನ್ನೆಲ್ಲ ಮನಿಗಿ ಕರದು ಉಪಚಾರ ಮಾಡ್ತಿದ್ದೆಂತ. ನಮಗ ಒಂದ ದಿನಾನೂ ಪುಗಸಟ್ಟೆ ಹಣ್ಣು ಕೊಡ್ಲಿಲ್ಲ ನೀ."

"ಯಾವ ರಾಜನೋ ಯಪ್ಪಾ? ಬಿಸಲು ತಲಿಗೇರ್ಯಾದೇನ್ ನಿಂಗ?"

ಪುಸ್ತಕ ಗೋಪಾಲರಾಯ ಬರೆದ ಸ್ವಂತ ಕತೆ. ಊರೂರಲ್ಲಿ ತಾನು ಗೆದ್ದ ಹೆಂಗಸರ ವೃತ್ತಾಂತವನ್ನು ಒಂದೊಂದು ಅಧ್ಯಾಯ ಮಾಡಿದ್ದ. ಅಧ್ಯಾಯಕ್ಕೊಂದು ಚಿತ್ರ. ಶೇವಂತಾಳಿಗೆ ಓದು ಬರುವುದಿಲ್ಲವಾದ್ದರಿಂದ ದತ್ತಪ್ಪ ಗಂಟಲು ಸರಿಮಾಡಿಕೊಂಡು ಓದಿದ:

"ಕಮಲಾಪುರದ ಆ ಬಾಳೆಯ ಹುಡುಗಿ! ಮುಂಗೈ ಮೇಲೆ ಚೇಳಿನ ಹಚ್ಚೆ. ಹಣ್ಣಿನ ಪರಿಮಳ ತುಂಬಿದ ಬೆಚ್ಚನೆಯ ಕತ್ತಲ ಕೋಣೆಗೆ ನನ್ನನ್ನು ಬರಮಾಡಿಕೊಂಡು, ಬಳಿಗೆ ಬಂದು ತಾನೇ ಚಿಲಕ ಹಾಕಿದಳು. ಹೊರಬರುವಾಗ ನನ್ನ ಕಣ್ಣಲ್ಲಿ ನೀರಿತ್ತು. ಅಂಥ ಸುಖವನ್ನು ಈ ದೇಹ ಮತ್ತೆ ಕಾಣಲಿಲ್ಲ."

ಶೇವಂತಾಳಿಗೆ ನಗು ಬಂತು. ನಕ್ಕ ನಗುವಿಗೆ ತಕ್ಕಡಿ ಕೈಯಿಂದ ಜಾರಿತು, ಪಕ್ಕದಲ್ಲಿ ನಿಂಬೆಹಣ್ಣು ಮಾರುವವಳು ತಿರುಗಿ ನೋಡಿದಳು. "ಕಣ್ಣಾಗ ನೀರಿತ್ತಂತ! ಮೂಗಿನಾಗ ಇದ್ದದ್ದು ಬರದಿಲ್ಲೇನು?"

"ನಗ್ತಿ ಯಾಕ? ಚಿತ್ರ ನೋಡು ಇಲ್ಲೆ" ಅಂದ ದತ್ತಪ್ಪ.

ನೋಡಿದಳು. ಕಪ್ಪು ಗೆರೆಗಳ ಚಿತ್ರ, ಕನಸಿನಲ್ಲಿ ಕಂಡದ್ದನ್ನು ಕಂಡ ಹಾಗೇ ಬರೆದಂತೆ. ಒಬ್ಬ ಹೆಂಗಸು ನಿಂತಿದ್ದಾಳೆ. ಅವಳ ಹೊಟ್ಟೆ ಇರುವ ಕಡೆ ಹೊಟ್ಟೆಯಿಲ್ಲ, ಅರೆ ತೆರೆದ ಬಾಗಿಲಿದೆ. ಒಳಗೆ ಬಾಳೆಗೊನೆಗಳು ದೀಪದ ಹಾಗೆ ತೂಗುತ್ತಿವೆ. ತಲೆಯ ಕೂದಲು ಹೊಗೆಯಾಗಿ ಮೇಲೇರಿದೆ. ಒಂದು ಕೈಗೆ ಬೆರಳುಗಳ ಬದಲು ಬಾಳೆಹಣ್ಣು. ಇನ್ನೊಂದರ ಹಚ್ಚೆಯ ಚೇಳು ಚರ್ಮ ಬಿಟ್ಟೆದ್ದು ಕೊಂಡಿ ಎತ್ತಿದೆ. ಎರಡು ಕಾಲು ಮೂಡಿದ ಒಂದು ಕಿರೀಟ ಮೆಟ್ಟಿಲೇರಿ ಆ ಹೊಟ್ಟೆಯ ಬಾಗಿಲೊಳಗೆ ಹೋಗುತ್ತಿದೆ. ಬಾಗಿಲ ಒಳಮೈಗೆ ಒಂದು ಚಿಲಕ. ಇದೆಲ್ಲದರ ಮೇಲೆ, ಕನ್ನಡಿಯಲ್ಲಿ ನೋಡಿದ ಹಾಗೆ, ಅವಳದೇ ಮುಖ.

ಶೇವಂತಾಳ ನಗು ನಿಂತಿತು. "ಇದನ್ನ ಬರದಂವ ಯಾರು?"

ದತ್ತಪ್ಪ ಮೊದಲ ಹಾಳೆ ತಿರುವಿ ಓದಿದ. "ಬುರ್ಹಾನುದ್ದೀನ್, ಶಹಾಬಜಾರ. ಚಿತ್ರಕಲಾ ಮಾಸ್ತರ."

ಆ ಮನೆಯವರು ಅವಳಿಗೆ ಗೊತ್ತಿದ್ದರು. ಮಾಸ್ತರನ ಹೆಂಡತಿ ಇಕ್ಬಾಲ್ ಬೇಗಂ ಶುಕ್ರವಾರ ತಪ್ಪದೆ ಬಂದು ಹಣ್ಣು ಒಯ್ಯುವವಳು. ಅವಳ ಸಂಗಡ ಬರುವ ತೆಳ್ಳಗಿನ ಮನುಷ್ಯ ಬದಿಗೆ ನಿಂತು ಸಣ್ಣ ಹಾಳೆಯ ಮೇಲೆ ಏನೋ ಗೀಚುತ್ತಿದ್ದ. ಸಂತೆಯ ಚೀಟಿ ಬರೆಯುತ್ತಿದ್ದಾನೆ ಅಂದುಕೊಂಡಿದ್ದಳು.

ಸಂಜೆ ಬಸ್ಸಿಳಿದು ಓಣಿಗೆ ಬಂದರೆ ಪುಸ್ತಕ ಅವಳಿಗಿಂತ ಮೊದಲೇ ಬಂದಿತ್ತು. ಕಟ್ಟೆಯ ಮೇಲಿದ್ದ ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡರು. ಹೊಸ್ತಿಲಲ್ಲಿ ಮಹಾದೇವಪ್ಪ ನಿಂತಿದ್ದ. ಒಳ್ಳೆಯ ಮನುಷ್ಯ, ಯಾರ ಮುಂದೆಯೂ ಕೈಕಟ್ಟಿ ನಿಲ್ಲದವ. ತಂದೆಯ ಕಾಲದಲ್ಲಿ ಗೌಡರ ಅಂಗಳದ ಹೊರಗೆ ನಿಲ್ಲುತ್ತಿದ್ದ ಮನೆತನವನ್ನು ತನ್ನ ದುಡಿಮೆಯಿಂದ ಒಂದು ಹಂತಕ್ಕೆ ತಂದಿದ್ದ. ಅದಕ್ಕೇ ಅವನ ಸಿಟ್ಟು ದೊಡ್ಡದಿತ್ತು.

"ಅದು ನೀನೇನು?"

"ಭಾವಾರ, ಕುಂದ್ರಿ. ಹೇಳ್ತೀನಿ."

"ಕುಂದ್ರೂದಿಲ್ಲ. ನಮ್ಮ ಮಂದಿ ತಲಿ ಎತ್ತಿ ನಡ್ಯಾಕ ಸುರು ಮಾಡಿ ಎಷ್ಟ ದಿನ ಆತು? ಆ ದೊಡ್ಡವರ ಕತಿಯೊಳಗ ನಮ್ಮ ಹೆಣ್ಮಕ್ಕಳು ಹಿಂದಿನಿಂದಲೂ ಹಿಂಗೇ ಬರ್ತಾರ, ಬಾಗ್ಲಾ ತೆಗಿಯಾಕ. ನೀನೂ ಅದರಾಗ ಹೋಗಿ ಕುಂತಿ." ಅವನ ಧ್ವನಿ ಇಳಿಯಿತು. "ಐತ್ವಾರ ಸಂಜಿಕ ಹಿರ್ಯಾರ್ನ ಕರಿಸ್ತೀನಿ. ಈ ಕಟ್ಟಿ ಮ್ಯಾಲ ಕುಂತಾಗ ಅವರ ಮುಂದ, 'ಅದು ನಾನಲ್ಲ' ಅಂತ ಒಂದ ಮಾತು ಹೇಳು. ಮುಗೀತು. ಹೇಳ್ಲಿಲ್ಲಂದ್ರ ನಿನ್ನ ಹಾಸಿಗಿ ತಗೊಂಡು ನಡಿ. ಈ ಹೊಸ್ತಿಲದಾಗ ಮತ್ತ ಕಾಲಿಡಬ್ಯಾಡ."

ಕಸ್ತೂರಿಬಾಯಿ ಒಳಗಿನಿಂದ, "ಊಟಕ್ಕಾದ್ರೂ ಬಿಡ್ರಿ ಅಕಿಗಿ" ಅಂದಳು. ಶೇವಂತಾಳಿಗೆ ಊಟ ಸೇರಲಿಲ್ಲ.

ಮರುದಿನ ಹಣ್ಣು ಬಿಟ್ಟು ಖಾಲಿ ಕೈಯಲ್ಲಿ ಕಲಬುರಗಿಗೆ ಹೋದಳು. ದತ್ತಪ್ಪನ ಪುಸ್ತಕ ಕೇಳಿ ಪಡೆದು, ಶಹಾಬಜಾರದ ಓಣಿಗಳಲ್ಲಿ ಕೇಳುತ್ತ ಕೇಳುತ್ತ ಆ ಮನೆಯ ಕದ ತಟ್ಟಿದಳು. ತೆರೆದವಳು ಇಕ್ಬಾಲ್ ಬೇಗಂ.

"ಅರೇ, ಶೇವಂತಾ! ಇವತ್ತು ಶುಕ್ರವಾರ ಅಲ್ಲಲ್ಲ ಮಾ. ಮನಿಗೇ ತಂದಿ ಏನು ಹಣ್ಣು?"

"ಹಣ್ಣು ತಂದಿಲ್ರಿ ಬೇಗಂ. ನಿಮ್ಮ ಯಜಮಾನ್ರ ಕೂಡ ಜಗಳಾಡಾಕ ಬಂದೀನಿ."

"ಬಾ ಬಾ. ನನಗೂ ಒಬ್ಬರು ಜೋಡಿ ಬೇಕಾಗಿತ್ತು."

ಮುಂದಿನ ಖೋಲಿಯ ತುಂಬ ಮಸಿಯ ವಾಸನೆ. ನಡುವೆ ಕಬ್ಬಿನ ಗಾಣದಂಥ ಒಂದು ಕಬ್ಬಿಣದ ಯಂತ್ರ, ಎರಡು ಉರುಳೆ, ಪಕ್ಕಕ್ಕೆ ದೊಡ್ಡ ಚಕ್ರ. ಬುರ್ಹಾನುದ್ದೀನ್ ಮಸಿಗೈಯಲ್ಲೇ ಎದ್ದು ನಿಂತ. ಶೇವಂತಾ ಪುಸ್ತಕ ಬಿಚ್ಚಿ ಚಿತ್ರದ ಪಕ್ಕಕ್ಕೆ ತನ್ನ ಮುಖ ಹಿಡಿದಳು.

"ಇದು ಯಾರ್ರೀ ಮಾಸ್ತರ?"

ಅವನು ಒಮ್ಮೆ ಹಾಳೆ ನೋಡಿದ, ಒಮ್ಮೆ ಅವಳನ್ನು ನೋಡಿದ. "ಪುಸ್ತಕದಾಗ ಕಮಲಾಪುರ ಅಂತಿತ್ತು, ಚೇಳಿನ ಹಚ್ಚಿ ಅಂತಿತ್ತು. ನಿಮ್ಮ ಕೈ ನೋಡಿದ್ದೆ. ಬರಿಯಾಕ ಒಂದು ಮುಖ ಸಿಕ್ತು ಅಂತ ಖುಷಿಪಟ್ಟೆ ಅಷ್ಟೇ. ಖರೇನೇ ನೀವೇ ಅಂತ ಗೊತ್ತಿರ್ಲಿಲ್ಲ, ಖುದಾ ಕಸಂ."

"ಗೊತ್ತಿರ್ಲಿಲ್ಲ, ಖರೆ. ಬಾಯಿ ಇತ್ತಲ್ಲ? ಹಣ್ಣು ಹೆಂಗ ಅಂತ ಕೇಳಿದ ಬಾಯಿ, ನಿಮ್ಮ ಮುಖ ತಗೋಲೇನು ಅಂತ ಕೇಳ್ಲಿಲ್ಲ."

"ಹೇಳ್ರಿ ಈಗ" ಅಂದಳು ಇಕ್ಬಾಲ್ ಬೇಗಂ, ಬಾಗಿಲಿಗೆ ಒರಗಿ.

ಮಾಸ್ತರ ಬೆವರು ಒರೆಸಿಕೊಂಡ; ಹಣೆಗೆಲ್ಲ ಮಸಿಯಾಯಿತು. ಶೇವಂತಾ ಮನೆಯ ಮಾತು ಹೇಳಿದಳು: ಐತ್ವಾರ, ಹಿರಿಯರು, ಹೊಸ್ತಿಲು. ಅವನು ಕೇಳುತ್ತ ಕೇಳುತ್ತ ಏನೋ ಹೊಳೆದವನಂತೆ ಒಳಗಿನಿಂದ ಆ ಚಿತ್ರದ ಸತುವಿನ ತಗಡು ತಂದ. ತಗಡಿಗೆ ಮೇಣ ಸವರಿ, ಸೂಜಿಯಿಂದ ಗೀರಿ, ತೇಜಾಬೆಂಬ ಆಸಿಡ್ಡಿನಲ್ಲಿ ಅದ್ದುತ್ತಾರಂತೆ. ಗೀರಿದ ಕಡೆಯಷ್ಟೇ ತೇಜಾಬು ತಗಡನ್ನು ತಿನ್ನುತ್ತದೆ. ಆ ಗೀರುಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಹೊದಿಸಿ, ಉರುಳೆಯ ನಡುವೆ ಹಾಯಿಸಿದರೆ ಚಿತ್ರ.

"ನೋಡ್ರಿ ಇಲ್ಲೆ. ತಗಡಿನಾಗ ಚೇಳು ಎಡಗೈ ಮ್ಯಾಲ ಅದ. ಒತ್ತಿ ತೆಗದಾಗ ಎಲ್ಲಾ ಉಲ್ಟಾ ಬರ್ತದ. ನಾನು ಅದನ್ನ ಲಕ್ಷ್ಯ ಇಟ್ಟು ತಿರುವಿ ಬರೀಬೇಕಾಗಿತ್ತು, ಮರ್ತೆ. ಪುಸ್ತಕದಾಗ ಚೇಳು ಬಲಗೈಗೆ ಹೋಗ್ಯಾದ. ನಿಮ್ಮದು ಎಡಗೈ! ಹಿರ್ಯಾರ ಮುಂದ ಕೈ ಚಾಚಿ ತೋರಿಸ್ರಿ, 'ಆ ಹೆಂಗಸು ಬ್ಯಾರೆ, ನಾ ಬ್ಯಾರೆ' ಅನ್ರಿ. ನಾನೂ ಬಂದು ಹೌದು ಅಂತೀನಿ."

ಶೇವಂತಾ ತಗಡು ನೋಡಿದಳು, ಪುಸ್ತಕ ನೋಡಿದಳು. ಮಾತು ಸರಿಯಾಗಿತ್ತು. ಮಹಾದೇವಪ್ಪನಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲ. ಕೈ ಚಾಚಿದರೆ ಖೋಲಿ ಉಳಿಯುತ್ತಿತ್ತು, ಒಲೆ ಉಳಿಯುತ್ತಿತ್ತು, ಕಟ್ಟೆಯ ಹುಡುಗರ ಬಾಯಿ ಮುಚ್ಚುತ್ತಿತ್ತು.

"ಹಂಗಂದ್ರ ಆ ಕೋಣಿ ಬಾಗ್ಲಾ ತೆಗದಾಕಿ ಯಾರೋ ಬ್ಯಾರೆ ಇದ್ಲು ಅಂದಂಗ ಆಗ್ತದಲ್ರಿ. ಆತನ ಕತಿ ಖರೇನೇ ಉಳೀತದ. ನಾ ಅಷ್ಟ ತಪ್ಪಿಸಿಕೊಂಡಂಗ."

"ಹಂಗಾದ್ರ ಮುಖ ಒರಸಿಬಿಡ್ತೀನಿ" ಅಂದ ಮಾಸ್ತರ. "ತಗಡು ಕೆರದು ತಿಕ್ಕಿದ್ರ ಗೆರಿ ಹೋಗ್ತಾವ. ಐತ್ವಾರ ಮಧ್ಯಾಹ್ನ ಇಲ್ಲೆ ಸಭಾಗೃಹದಾಗ ಇವೇ ಚಿತ್ರಗಳ ಪ್ರದರ್ಶನ ಅದ, ರಾಯರೂ ಬರ್ತಾರ. ಅಲ್ಲಿ ಮುಖ ಇಲ್ಲದ ಚಿತ್ರನೇ ಹಾಕ್ತೀನಿ."

"ಮುಖ ಯಾಕ ಒರಸ್ತೀರಿ? ನನ್ನ ಮುಖ ಏನ್ ತಪ್ಪು ಮಾಡ್ಯಾದ?"

ಶೇವಂತಾ ತಗಡಿನ ಮೇಲೆ, ಆ ಬಾಗಿಲಿರುವ ಕಡೆ, ಉಗುರು ಇಟ್ಟಳು. "ತಪ್ಪು ಮಾಡಿದ್ದು ಇದು. ಈ ಚಿಲಕ. ಹೊಗಿ ಹಾಕೋ ಕೋಣಿಗಿ ಒಳಗ ಚಿಲಕ ಇರ್ತದೇನ್ರಿ? ಒಳಗ ಇರೂದು ಬಾಳಿಗೊನಿ. ಅವೇನ್ ಎದ್ದು ಬಾಗ್ಲಾ ಹಾಕ್ಕೋತಾವ? ಚಿಲಕ ಹೊರಗಿತ್ತು. ನಾನೂ ಹೊರಗಿದ್ದೆ."

ಆವರೆಗೆ ಯಾರಿಗೂ ಹೇಳದ್ದನ್ನು ಅಂದು ಹೇಳಿದಳು. ಕಾಡಿಗೆ ಮೀಸೆಗಿಳಿದ ಮಾತು ಬಂದಾಗ ಇಕ್ಬಾಲ್ ಬೇಗಂ ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಕುಡುಗೋಲಿನ ಮಾತು ಬಂದಾಗ ಕೈ ಕೆಳಗಿಳಿಸಿದಳು.

"ಆದ್ರ ರಾಯರ ಕತಿಯೊಳಗ ಹಂಗೇ ಅದ" ಅಂದ ಮಾಸ್ತರ, ಸೋತ ಧ್ವನಿಯಲ್ಲಿ. "ನಾನು ಕತಿಗಿ ತಕ್ಕಂಗ ಬರದೀನಿ. ಇದು ಕನಸಿನ ಚಿತ್ರ, ಶೇವಂತಾಬಾಯಿ. ಕನಸಿನಾಗ ಚಿಲಕ ಎಲ್ಲಿ ಬೇಕಾದ್ರೂ ಇರಬಹುದು."

"ಕನಸು ಯಾರದ್ರಿ? ನಿದ್ದಿ ಆತಂದು, ಮೈ ನಂದು."

ಇಕ್ಬಾಲ್ ಬೇಗಂ ಒರಗಿದ್ದ ಬಾಗಿಲು ಬಿಟ್ಟು ಬಂದಳು. "ಸುನೋ ಜೀ. ಇಷ್ಟು ದಿನ ನಿಮಗ ಗೊತ್ತಿರ್ಲಿಲ್ಲ, ಮಾಫಿ. ಈಗ ಗೊತ್ತಾತು. ಗೊತ್ತಾದ ಮ್ಯಾಲೂ ಹಂಗೇ ತೂಗಹಾಕಿದ್ರ ರಾಯರಿಗೂ ನಿಮಗೂ ಏನು ಫರಕ್?"

ಮಾಸ್ತರ ಬಹಳ ಹೊತ್ತು ತಗಡನ್ನೇ ನೋಡಿದ. ರಾಯರು ಅವನ ಚಿತ್ರಗಳನ್ನು ನಾಲ್ಕು ದೊಡ್ಡವರಿಗೆ ತೋರಿಸಿದವರು. ಅವರಿಗೆ ಬೇಸರವಾದರೆ ಊರಲ್ಲಿ ಅವನ ಕೆಲಸ ಕೇಳುವವರಿರಲಿಲ್ಲ. ಕೊನೆಗೆ ಕೆರೆಯುವ ಉಳಿ ಎತ್ತಿಕೊಂಡ.

ಶೇವಂತಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಹೊಗೆ ಕಾಯ್ದವಳಿಗೆ ಕಾಯುವುದು ಹೊಸದಲ್ಲ. ಅವನು ಒಳಗಿನ ಚಿಲಕ ಕೆರೆದ, ಎಣ್ಣೆ ಹಾಕಿ ನುಣ್ಣಗೆ ತಿಕ್ಕಿದ, ಮೇಣ ಸವರಿದ. ಬಾಗಿಲ ಹೊರಮೈ ಮೇಲೆ ಹೊಸ ಚಿಲಕ ಗೀರಿದ. ಬಾಗಿಲ ಹೊರಗೆ ಅವಳ ಕೈಯೊಂದು ಬರಬೇಕೆಂದು ತಾನೇ ಹೇಳಿ, ಬಾಳೆಬೆರಳಿನ ಕೈಯನ್ನು ತಿದ್ದಿ, ಆ ಚಿಲಕದ ಮೇಲೆ ಇಟ್ಟ. ಚೇಳಿನ ಕೈಯನ್ನು ತಿರುವಿ ಬರೆಯಲೇ ಎಂದು ಕೇಳಿದ. "ಬಿಡ್ರಿ, ಅದು ಎಲ್ಲಿದ್ರೂ ಕಡೀತದ" ಅಂದಳು ಅವಳು. ತೇಜಾಬಿನ ತಟ್ಟೆಯಲ್ಲಿ ತಗಡು ಸಣ್ಣ ಸಣ್ಣ ಗುಳ್ಳೆ ಬಿಟ್ಟಿತು. ಬೇಗಂ ಚಹಾ ತಂದಳು. ಚಕ್ರ ತಿರುಗಿತು. ಒದ್ದೆ ಕಾಗದವನ್ನು ಮೂಲೆ ಹಿಡಿದು ಎತ್ತಿದಾಗ ಚಿಲಕ ಹೊರಗೆ ಬಂದಿತ್ತು.

ಶೇವಂತಾ ಹತ್ತಿರ ಬಗ್ಗಿ ನೋಡಿದಳು. "ಇನ್ನೊಂದ ಸ್ವಲ್ಪ ದಪ್ಪ ಮಾಡ್ರಿ."

ಮತ್ತೆ ಮೇಣ, ಮತ್ತೆ ತೇಜಾಬು. ಎರಡನೆಯ ಸಲ ತೆಗೆದದ್ದು ಅವಳಿಗೆ ಒಪ್ಪಿಗೆಯಾಯಿತು. ಇಂಥ ಚಿತ್ರದ ಕೆಳಗೆ ಸೀಸದ ಕಡ್ಡಿಯಿಂದ ಹೆಸರು ಬರೆದು ರುಜು ಹಾಕುವ ಪದ್ಧತಿಯಿದೆ. ಮೊದಲಿನದಕ್ಕೆ 'ಬಾಳೆಯ ಹುಡುಗಿ' ಎಂದು ಬರೆದಿದ್ದೆ ಎಂದ ಮಾಸ್ತರ.

"ಯಾಕ, ನಂಗ ಹೆಸರಿಲ್ಲೇನು?"

ಅವನು 'ಶೇವಂತಾ, ಕಮಲಾಪುರ' ಎಂದು ಬರೆದು ಓದಿ ತೋರಿಸಿದ. "ಹಿಂಗ ಬರದ್ರ ಆಮ್ಯಾಲ ಅಲ್ಲ ಅನ್ನಾಕ ಬರೂದಿಲ್ಲ" ಎಂದು ಎಚ್ಚರಿಸಿದ.

"ಅನ್ನೂದಿಲ್ಲ."

ಐತ್ವಾರ ಮಧ್ಯಾಹ್ನ ಅವಳು ಒಗೆದ ಸೀರೆ ಉಟ್ಟು ಪ್ರದರ್ಶನದ ಸಭಾಗೃಹಕ್ಕೆ ಹೋದಳು. ಗೋಡೆಯುದ್ದಕ್ಕೂ ಚಿತ್ರ. ವಕೀಲರು, ಡಾಕ್ಟರು, ಕಾಲೇಜಿನವರು. ಬುರ್ಹಾನುದ್ದೀನ್ ಕಂಬದ ಮರೆಗೆ ನಿಂತಿದ್ದ. ಗೋಪಾಲರಾಯನ ಕೊರಳಲ್ಲಿ ಹಾರ, ಮೈಮೇಲೆ ರೇಷ್ಮೆ ಜುಬ್ಬಾ. ಮುಪ್ಪಿನಲ್ಲೂ ಬೆನ್ನು ನೆಟ್ಟಗಿತ್ತು. ಒಂದೊಂದು ಚಿತ್ರದ ಮುಂದೆ ನಿಂತು ಆ ಊರಿನ ಹೆಣ್ಣಿನ ನೆನಪು ಹೇಳುತ್ತ, ಜನರನ್ನು ನಗಿಸುತ್ತ ಬಂದವನು ಕಮಲಾಪುರದ ಮುಂದೆ ತಡೆದ.

"ಮಾಸ್ತರ, ಏನಿದು? ಚಿಲಕ ಹೊರಗ್ಯಾಕ ಬಂತು? ಪುಸ್ತಕದಾಗ ಹಿಂಗಿಲ್ಲಲ್ಲ."

ಮಾಸ್ತರ ಬಾಯಿ ತೆರೆಯುವ ಮೊದಲೇ ಶೇವಂತಾ ಜನರ ನಡುವಿನಿಂದ ಮುಂದೆ ಬಂದಳು. "ಶರಣ್ರೀ ರಾಯರ. ಕೆಮ್ಮು ಕಡಿಮಿ ಆತೇನ್ರಿ?"

ಗೋಪಾಲರಾಯ ಅವಳ ಮುಖ ನೋಡಿದ, ಮುಂಗೈ ನೋಡಿದ. ಹಳೆಯ ನಟ, ಕ್ಷಣದಲ್ಲಿ ಮುಖದ ಮೇಲೆ ನಗು ತಂದುಕೊಂಡ. "ಓಹೋ! ಬಂಧುಗಳೇ, ನಮ್ಮ ಕಮಲಾಪುರದ ನಾಯಿಕೆ ಸ್ವತಃ ಬಂದಾಳ!"

ಚಪ್ಪಾಳೆ ಬಿತ್ತು. ಶೇವಂತಾ ಅದು ಮುಗಿಯುವವರೆಗೆ ಕಾದಳು.

"ಬಂದೀನ್ರಿ. ನನ್ನ ಹೆಸರು ಶೇವಂತಾ, ಅಲ್ಲೇ ಕೆಳಗ ಬರದದ. ಈ ರಾಯರು ಬರದಿದ್ದೆಲ್ಲ ಖರೆ. ಕೋಣಿ ಖರೆ, ಕತ್ತಲಿ ಖರೆ, ಕಣ್ಣಾಗ ನೀರು ಖರೆ. ಅದು ಬಾಳಿಕಾಯಿಗಿ ಹೊಗಿ ಹಾಕೋ ಕೋಣಿ. ಇವರನ್ನ ಒಳಗ ಹಾಕಿ ಹೊರಗ ಚಿಲಕ ಹಾಕಿದಾಕಿ ನಾನು. ಹಣ್ಣಾಗ್ಲಿಲ್ಲ, ಕೆಮ್ಮಿಕೋತ ಓಡಿ ಹೋದ್ರು."

ಮೊದಲು ನಕ್ಕದ್ದು ಹಿಂದೆ ನಿಂತಿದ್ದ ಹೆಂಗಸರು. ಆಮೇಲೆ ಎಲ್ಲರೂ. ಯಾರೋ ಒಬ್ಬ ವಕೀಲರು ಕೆಮ್ಮಿದ್ದು ಬೇಕೆಂದೋ ಅಲ್ಲವೋ, ಮತ್ತೊಮ್ಮೆ ನಗು ಎದ್ದಿತು. ಎಲ್ಲರೂ ಅವಳ ಕಡೆಯವರೇ ಎಂದಲ್ಲ. "ಹೆಸರ ಬೇರೆ ಬರಿಸ್ಯಾಳ, ನಾಚಿಕಿಲ್ಲ" ಎಂಬ ಮಾತೂ ಎಲ್ಲಿಂದಲೋ ಬಂತು. ಅವಳು ತಿರುಗಿ ನೋಡಲಿಲ್ಲ.

ಗೋಪಾಲರಾಯ ಹಾರ ತೆಗೆದು ಕೈಯಲ್ಲಿ ಹಿಡಿದ. "ನೀ ಏನರೆ ಅನ್ನು. ಪುಸ್ತಕ ಅಚ್ಚಾಗ್ಯಾದ. ನಾ ಬರದದ್ದೇ ಉಳೀತದ."

"ಉಳೀಲಿ ಬಿಡ್ರಿ" ಅಂದಳು ಶೇವಂತಾ. "ಇದೂ ಉಳೀತದ."

ರಾಯರು ಉಳಿದ ಚಿತ್ರಗಳ ಮುಂದೆ ನಿಲ್ಲಲಿಲ್ಲ. ಮುಂದೆ ಆ ವರ್ಷವೆಲ್ಲ ಬುರ್ಹಾನುದ್ದೀನನನ್ನು ಯಾರೂ ಕರೆದು ಕೆಲಸ ಕೊಡಲಿಲ್ಲವಂತೆ. ಆ ಮಾತನ್ನು ಅವನು ಶೇವಂತಾಳ ಮುಂದೆ ಎಂದೂ ಆಡಲಿಲ್ಲ. ಅಂದು ಮಾತ್ರ ಅದೇ ಚಿತ್ರದ ಇನ್ನೊಂದು ಪ್ರತಿಗೆ ಕಟ್ಟು ಹಾಕಿಸಿ, ಹಳೆಯ ಚಾದರದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟ.

ಕಮಲಾಪುರದಲ್ಲಿ ಬಸ್ಸಿಳಿದಾಗ ಇನ್ನೂ ಬೆಳಕಿತ್ತು. ಮನೆಯ ಕಟ್ಟೆಯ ಮೇಲೆ ಓಣಿಯ ಹಿರಿಯರು ಕೂತಿದ್ದರು. ಪಕ್ಕದಲ್ಲಿ ಸುರುಳಿ ಸುತ್ತಿದ ಹಾಸಿಗೆ. ಮಹಾದೇವಪ್ಪ ಆಡಿದ ಮಾತಿಗೆ ತಪ್ಪದವ. ಶೇವಂತಾ ಹಾಸಿಗೆಯ ಮೇಲೇ ಚಿತ್ರ ಇಟ್ಟು ಚಾದರ ಬಿಚ್ಚಿದಳು.

"ಇದು ನಾನೇ" ಅಂದಳು.

ಮಹಾದೇವಪ್ಪ ಕಣ್ಣು ಮುಚ್ಚಿಕೊಂಡ. ಹಿರಿಯರಲ್ಲಿ ಎಲ್ಲರಿಗಿಂತ ವಯಸ್ಸಾದವನು ಕನ್ನಡಕ ಏರಿಸಿ, ಚಿತ್ರವನ್ನು ಬೆಳಕಿಗೆ ತಿರುಗಿಸಿ, ಬೆರಳಿಟ್ಟು ನೋಡಿದ. "ಚಿಲಕ ಹೊರಗಿನ ಮಗ್ಗಲಿಗಿ ಅದಲ್ಲ, ತಂಗಿ?"

"ಹೌದ್ರಿ ಯಪ್ಪಾ. ಹೊರಗೇ ಇತ್ತು."

ಅವಳು ನಿಂತೇ ಹೇಳಿದಳು. ಹೊಗೆ, ಕಿರೀಟ, ಕೆಮ್ಮು, ಕುಡುಗೋಲು. ಮುದುಕ ಮಂಡಿ ಬಡಿದುಕೊಂಡು ನಕ್ಕ. "ಏ, ಆ ದಿನ ನಾ ಮುಂದಿನ ಚಾಪಿ ಮ್ಯಾಲೇ ಕುಂತಿದ್ದೆ. ರಾಜಗ ಕ್ಷಯ ಅಂತ ನನ್ನ ಹೆಣ್ತಿ ಅತ್ತಿದ್ಲು!" ಉಳಿದವರೂ ನಕ್ಕರು. ಮಹಾದೇವಪ್ಪ ನಗಲಿಲ್ಲ.

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ ನೀ?"

"ಕೇಳಿದ್ರೇನ್ರಿ ಭಾವಾರ ಯಾರಾದ್ರೂ? ಮೊನ್ನಿನೂ 'ನಾನಲ್ಲ ಅನ್ನು' ಅಂದ್ರಿ. 'ಏನಾತು' ಅಂತ ಕೇಳ್ಲಿಲ್ಲ."

ಅವನು ಹಾಸಿಗೆಯ ಕಡೆ ನೋಡಿದ, ಓಣಿಯ ಕಡೆ ನೋಡಿದ. ಹಿರಿಯರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕಿದರು. ಇನ್ನು ಹೇಳುವುದಕ್ಕೆ ತಮಗೇನೂ ಉಳಿದಿಲ್ಲ ಅನ್ನುವ ಹಾಗೆ. ಕಸ್ತೂರಿಬಾಯಿ ಹೊರಗೆ ಬಂದು ಹಾಸಿಗೆ ಎತ್ತಿ ಒಳಗೊಯ್ದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಒಂದು ಮೊಳೆ, ಒಂದು ಗುಂಡುಕಲ್ಲು. ಶೇವಂತಾ ಅವನ್ನು ತೆಗೆದುಕೊಂಡು ಬೀದಿಗೆ ಮುಖವಾದ ಗೋಡೆಗೆ ಹೋದಳು.

"ಒಳಗ ಹಾಕು" ಅಂದ ಮಹಾದೇವಪ್ಪ. "ಹಾದು ಹೋಗೋ ಮಂದಿ ನೋಡ್ತಾರ."

"ನೋಡ್ಲಿ ಅಂತನೇ ಹಾಕಾಕತ್ತೀನಿ."

"ಮಣ್ಣಿನ ಗ್ವಾಡಿ. ಮಳಿ ಹತ್ತಿದ್ರ ಮೊಳಿ ಸಮೇತ ಕೆಳಗ ಬೀಳ್ತದ. ಮ್ಯಾಲಿನ ತೊಲಿಗರೆ ಹೊಡಿ."

"ತೊಲಿಗಿ ಹೊಡದ್ರ ಚಿಲಕ ಕಾಣೂದಿಲ್ರಿ" ಅಂದು ಶೇವಂತಾ, ನಿಂತ ಮನುಷ್ಯನ ಕಣ್ಣಿಗೆ ನೇರವಾಗುವ ಎತ್ತರಕ್ಕೆ ಮೊಳೆ ಇಟ್ಟು, ಕಲ್ಲು ಎತ್ತಿ ಹೊಡೆದಳು.